ಅತ್ತೆ, ಕತ್ತರಿ, ಹಳೇ ಮದುವೆ ಕಾರ್ಡು: ಮನೆಯಲ್ಲೇ ಕೊಲಾಜ್ ಮಾಡೋದು ಹೇಗೆ

ನಮ್ಮ ಮನೆ ಫ್ರಿಜ್ ಬಾಗಿಲ ಮೇಲೆ ಒಂದು ಚಿತ್ರ ಇದೆ. ಸೂಟು ಹಾಕಿಕೊಂಡ ವರ ಕುರ್ಚಿ ಮೇಲೆ ನೆಟ್ಟಗೆ ಕೂತಿದ್ದಾನೆ. ತಲೆ ಇರಬೇಕಾದ ಜಾಗದಲ್ಲಿ ಪ್ರೆಶರ್ ಕುಕ್ಕರ್. ಕೆಳಗೆ ದಿನಪತ್ರಿಕೆಯಿಂದ ಕತ್ತರಿಸಿದ ಒಂದು ಸಾಲು: 'ಸಂಜೆ ಗುಡುಗು ಸಹಿತ ಮಳೆ ಸಾಧ್ಯತೆ'. ಸೂಟಿನಲ್ಲಿರುವವರು ನಮ್ಮ ಮಾವ. ಚಿತ್ರ ಮಾಡಿದ್ದು ಅವರ ಹೆಂಡತಿ, ಅಂದರೆ ನಮ್ಮ ಅತ್ತೆ, ತಮ್ಮ 71ನೇ ವಯಸ್ಸಿನಲ್ಲಿ.

ಮಾವ ತೀರಿಕೊಂಡ ಮೇಲೆ ಅತ್ತೆ ಮೈಸೂರಿಗೆ ನಮ್ಮ ಜೊತೆ ಇರಲು ಬಂದರು. ನನಗೂ ಅವರಿಗೂ ಜಗಳ ಇರಲಿಲ್ಲ. ಮಾತೂ ಇರಲಿಲ್ಲ. 'ಕಾಫಿ ಆಯ್ತಾ', 'ಹಾಲಿನವನು ಬಂದ್ನಾ', ಅಷ್ಟೇ. ಒಂದು ಭಾನುವಾರ ಮಗನ ಶಾಲೆ ಪ್ರಾಜೆಕ್ಟಿಗೆ ಅಂತ ಊಟದ ಮೇಜಿನ ಮೇಲೆ ಹಳೇ ಮ್ಯಾಗಜಿನ್ ಹರಡಿಕೊಂಡು ಕೂತಿದ್ದೆವು. ಅತ್ತೆ ಬಂದು ನಿಂತರು. ಒಂದು ತುಂಡು ಎತ್ತಿ ಇನ್ನೊಂದರ ಮೇಲೆ ಇಟ್ಟರು. ರಾಜಕಾರಣಿಯೊಬ್ಬರ ಹೆಗಲ ಮೇಲೆ ಹೂಕೋಸು ಕೂತಿತು. ತಮ್ಮಷ್ಟಕ್ಕೆ ತಾವೇ ಕಿಸಕ್ಕನೆ ನಕ್ಕರು. ಆ ನಗು ಕೇಳಿ ಬಹಳ ದಿನ ಆಗಿತ್ತು.

ಅವತ್ತಿನಿಂದ ಭಾನುವಾರ ಊಟ ಆದಮೇಲೆ ಒಂದು ಗಂಟೆ ನಮ್ಮಲ್ಲಿ ಕತ್ತರಿ, ಗೋಂದಿನ ಕೆಲಸ. ಮೂರು ವರ್ಷದಲ್ಲಿ ಕಲಿತಿದ್ದು, ಕೆಡಿಸಿದ್ದು ಎಲ್ಲ ಸೇರಿಸಿ ಇಲ್ಲಿ ಬರೆದಿದ್ದೇನೆ. ಚಿತ್ರ ಬಿಡಿಸೋಕೆ ಬರಲ್ಲ ಅನ್ನುವವರಿಗೇ ಇದು. ನನಗೂ ಬರಲ್ಲ.

ಇದೇನು ಹೊಸದಲ್ಲ

ಕೊಲಾಜ್ ಅನ್ನುವ ಹೆಸರು ಫ್ರೆಂಚಿನದು. ಅಂಟಿಸು ಅನ್ನುವ ಕ್ರಿಯಾಪದದಿಂದ ಬಂದಿದೆ. 1912ರಲ್ಲಿ ಪಿಕಾಸೊ ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾಗಿದ್ದ ಎಣ್ಣೆಬಟ್ಟೆಯ ತುಂಡೊಂದನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗವನ್ನೇ ಫ್ರೇಮಿನಂತೆ ಕಟ್ಟಿದ. ಕಲೆಯ ಚರಿತ್ರೆ ಸಾಮಾನ್ಯವಾಗಿ ಅಲ್ಲಿಂದ ಶುರು ಮಾಡುತ್ತದೆ. ಆದರೆ ಬೇರೆಬೇರೆ ಕಡೆಯ ತುಂಡು ತಂದು ಒಂದು ಹೊಸ ಜೀವಿ ಮಾಡುವ ಚೇಷ್ಟೆ ನಮಗೆ ಚೆನ್ನಾಗಿ ಗೊತ್ತು. ಹಳೇಬೀಡಿನ ಗೋಡೆಯ ಸಾಲಿನಲ್ಲಿರುವ ಮಕರ ನೋಡಿ. ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ. ಸ್ನಾನದ ಮನೆಯಲ್ಲಿರುವ ಮೈಸೂರ್ ಸ್ಯಾಂಡಲ್ ಸೋಪಿನ ಡಬ್ಬ ತೆಗೆದು ನೋಡಿ. ಅದರ ಗುರುತು ಶರಭ: ಸಿಂಹದ ಮೈ, ಆನೆಯ ತಲೆ. ನಮ್ಮ ರಾಜ್ಯದ ಲಾಂಛನದಲ್ಲಿ ಎರಡು ತಲೆಯ ಹಕ್ಕಿ ಕೂತಿದೆ. ಇಷ್ಟೆಲ್ಲ ನೋಡಿಕೊಂಡು ಬೆಳೆದವರು ವರನ ತಲೆಗೆ ಕುಕ್ಕರ್ ಇಟ್ಟರೆ ಯಾರೂ ಬೆಚ್ಚಬೇಕಿಲ್ಲ.

ಮೊದಲು ಒಂದು ಡಬ್ಬ

ಕೆಲಸ ಕತ್ತರಿಯಿಂದ ಶುರು ಆಗಲ್ಲ, ಕೂಡಿಡುವುದರಿಂದ ಶುರು. ಒಂದು ಚಪ್ಪಲಿ ಡಬ್ಬ ಇಟ್ಟುಕೊಳ್ಳಿ. ಒಂದು ತಿಂಗಳು ಏನನ್ನೂ ಮಾಡಬೇಡಿ. ಬರೀ ಹಾಕುತ್ತಾ ಹೋಗಿ.

ಏನೇನು ಹಾಕಬಹುದು? ಊದಿನಕಡ್ಡಿ ಪ್ಯಾಕೆಟ್ಟು ಮೊದಲ ಆಯ್ಕೆ. ಬಣ್ಣ ಗಾಢ, ಹೂವು, ಬಳ್ಳಿ, ಚಿನ್ನದ ಗೆರೆ ಎಲ್ಲ ಇರುತ್ತದೆ, ಜೊತೆಗೆ ಡಬ್ಬ ಪೂರ್ತಿ ಘಮ ಅನ್ನುತ್ತದೆ. ಬೆಂಕಿಪೆಟ್ಟಿಗೆಯ ಮೇಲಿನ ಚಿತ್ರ, ಬಟ್ಟೆ ಅಂಗಡಿಯ ಕೈಚೀಲ, ಔಷಧಿ ಜೊತೆ ಮಡಚಿ ಇಟ್ಟಿರುವ ತೆಳ್ಳಗಿನ ಹಾಳೆ, ಹಳೇ ಕ್ಯಾಲೆಂಡರು, ಕಳೆದ ವರ್ಷದ ಪಂಚಾಂಗ, ಮಕ್ಕಳ ಹರಿದ ಪಠ್ಯಪುಸ್ತಕ, ಸೀರೆಯ ಡಬ್ಬದೊಳಗಿನ ಬಣ್ಣದ ಕಾಗದ. ಗಾಳಿಪಟದ ಕಾಗದ ಸಿಕ್ಕರೆ ಬಿಡಬೇಡಿ. ಒಂದರ ಮೇಲೊಂದು ಅಂಟಿಸಿದರೆ ಕೆಳಗಿನ ಬಣ್ಣ ಮೇಲೆ ಇಣುಕುತ್ತದೆ. ಹಳೇ ಮ್ಯಾಗಜಿನ್ ಬೇಕಿದ್ದರೆ ರದ್ದಿ ಅಂಗಡಿಗೆ ಹೋಗಿ. ತೂಕಕ್ಕೆ ಕೊಡುತ್ತಾರೆ. ಬೆಂಗಳೂರಿನವರಿಗೆ ಅವೆನ್ಯೂ ರಸ್ತೆ ಇದ್ದೇ ಇದೆ.

ಕುರ್ಟ್ ಶ್ವಿಟರ್ಸ್ ಅಂತ ಜರ್ಮನಿಯ ಕಲಾವಿದ ಇದ್ದ. ಟ್ರಾಮ್ ಟಿಕೆಟ್ಟು, ಮಿಠಾಯಿ ಕಾಗದ, ಬೀದಿಯಲ್ಲಿ ಬಿದ್ದ ಚೀಟಿ ಎಲ್ಲ ಎತ್ತಿಕೊಂಡು ಬರುತ್ತಿದ್ದ. 1919ರಲ್ಲಿ ಒಂದು ಬ್ಯಾಂಕಿನ ಜಾಹೀರಾತಿನಿಂದ ಕತ್ತರಿಸಿದ ಅರ್ಧ ಪದವನ್ನು ಚಿತ್ರಕ್ಕೆ ಅಂಟಿಸಿದ. ಆ ಅರ್ಧ ಪದ 'ಮೆರ್ಟ್ಸ್'. ಅದಕ್ಕೆ ಅರ್ಥವೇ ಇಲ್ಲ. ಮುಂದೆ ತನ್ನ ಇಡೀ ಕಲೆಗೆ ಅದನ್ನೇ ಹೆಸರಾಗಿ ಇಟ್ಟುಕೊಂಡ. ನಮ್ಮ ಮನೆಯಲ್ಲಿ ನಾನು ದಾರಿಯಲ್ಲಿ ಕಾಗದ ಎತ್ತಿಕೊಂಡಾಗ ಗಂಡ ಮುಖ ಬೇರೆ ಕಡೆ ತಿರುಗಿಸುತ್ತಾರೆ. ಶ್ವಿಟರ್ಸ್ ಹೆಸರು ಹೇಳಿದರೂ ಪ್ರಯೋಜನ ಆಗಿಲ್ಲ.

ಒಂದು ಎಚ್ಚರಿಕೆ. ಈಗಿನ ಅಂಗಡಿ ಬಿಲ್ಲು, ಬಸ್ಸಿನ ಮಷಿನ್ ಟಿಕೆಟ್ಟು ಶಾಖಕ್ಕೆ ಕಪ್ಪಾಗುವ ಕಾಗದದ್ದು. ಸುಕ್ಕು ಹೋಗಲಿ ಅಂತ ಒಂದು ಟಿಕೆಟ್ಟಿಗೆ ಇಸ್ತ್ರಿ ಹಾಕಿದೆ. ಕ್ಷಣದಲ್ಲಿ ಕಾಡಿಗೆ. ಇಸ್ತ್ರಿ ಹಾಕದಿದ್ದರೂ ಕೆಲವು ತಿಂಗಳಲ್ಲಿ ಅಕ್ಷರ ತಾನಾಗಿ ಮಾಯ ಆಗುತ್ತದೆ. ಉಳಿಯಬೇಕು ಅನ್ನಿಸಿದರೆ ಜೆರಾಕ್ಸ್ ಮಾಡಿಸಿಕೊಳ್ಳಿ. ದಿನಪತ್ರಿಕೆ ಕಾಗದವೂ ಅಷ್ಟೆ, ಬಿಸಿಲಿಗೆ ಹಳದಿ ಆಗುತ್ತದೆ. ನನಗೆ ಆ ಹಳದಿ ಇಷ್ಟ, ಅದು ಬೇರೆ ಮಾತು.

ಮದುವೆ ಕಾರ್ಡಿನ ಗಣಪತಿಯನ್ನು ಏನು ಮಾಡೋದು

ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಬರುತ್ತದೆ, ಬರೆದಿಟ್ಟುಕೊಳ್ಳಿ. ಮದುವೆ ಕಾರ್ಡಿನಂಥ ಕಾಗದ ಇನ್ನೊಂದಿಲ್ಲ. ದಪ್ಪ, ಹೊಳಪು, ಉಬ್ಬು ಅಚ್ಚು, ಮೂಲೆಯಲ್ಲಿ ಅರಿಶಿನದ ಕಲೆ. ಆದರೆ ಮೇಲೆ ಗಣಪತಿ ಇರುತ್ತಾನೆ. ನಾನು ಕತ್ತರಿ ಎತ್ತಿದ ಕೂಡಲೇ ಅತ್ತೆ ಕೈ ಹಿಡಿದರು.

'ದೇವರ ಮೇಲೆ ಕತ್ತರಿ ಆಡಿಸ್ಬೇಡಮ್ಮ.'

'ಮತ್ತೆ ರದ್ದಿಗೆ ಹಾಕ್ಬಹುದಾ ಅತ್ತೆ?'

'ಅದೂ ಬೇಡ.'

ಸ್ವಲ್ಪ ಹೊತ್ತು ಯೋಚನೆ ನಡೆಯಿತು. ಕೊನೆಗೆ ಅವರೇ ದಾರಿ ಹುಡುಕಿದರು. ಗಣಪತಿಯ ಸುತ್ತ ದೊಡ್ಡದಾಗಿ ಜಾಗ ಬಿಟ್ಟು ಅವನನ್ನು ಇಡಿಯಾಗಿ ತೆಗೆಯೋದು. ಹಾಗೆ ತೆಗೆದ ಗಣಪತಿಗಳಿಗೆಲ್ಲ ಪ್ರತ್ಯೇಕ ಕವರು. ದೊಡ್ಡ ಕೊಲಾಜ್ ಮಾಡಿದಾಗ ಒಬ್ಬನನ್ನು ಮೇಲಿನ ಮೂಲೆಯಲ್ಲಿ ಕೂರಿಸೋದು, ಮೇಸ್ತ್ರಿ ಥರ. ಉಳಿದದ್ದೆಲ್ಲ ನಮ್ಮದು.

ಆಮೇಲೆ ಅತ್ತೆ ಒಂದು ಸಂಗತಿ ಹೇಳಿದರು. ಅವರ ತಾಯಿ ಮನೆಯಲ್ಲಿ ರವಿವರ್ಮನ ಅಚ್ಚಿನ ಲಕ್ಷ್ಮಿಯ ಪಟ ಇತ್ತಂತೆ. ಅದಕ್ಕೆ ಅವರ ಅಮ್ಮ ನಿಜವಾದ ರೇಷ್ಮೆ ಚೂರು, ಜರಿ, ಚಮ್ಕಿ ಅಂಟಿಸಿ ಸೀರೆ ಉಡಿಸಿದ್ದರಂತೆ. ಹೀಗೆ ಅಚ್ಚಿನ ದೇವರಿಗೆ ಬಟ್ಟೆ ಉಡಿಸುವುದು ಆ ಕಾಲದಲ್ಲಿ ಎಷ್ಟೋ ಮನೆಗಳ ಹೆಂಗಸರ ಹವ್ಯಾಸ. ಅದೂ ಕೊಲಾಜೇ ಅಲ್ವಾ? ಹತ್ತು ವರ್ಷ ಸೊಸೆಯಾಗಿದ್ದರೂ ಈ ಪಟದ ಸುದ್ದಿ ನನಗೆ ಗೊತ್ತಿರಲಿಲ್ಲ. ಒಂದು ಗಣಪತಿಯ ತಕರಾರಿನಿಂದ ಹೊರಗೆ ಬಂತು.

ಇನ್ನೊಂದು ನಿಯಮ ನಾನು ಪೆಟ್ಟು ತಿಂದು ಕಲಿತದ್ದು. ಮನೆಯ ಹಳೇ ಫೋಟೋ ಅಸಲನ್ನು ಯಾವತ್ತೂ ಕತ್ತರಿಸಬೇಡಿ. ನನ್ನ ಬಾಲ್ಯದ ಒಂದೇ ಒಂದು ಕಪ್ಪುಬಿಳುಪು ಫೋಟೋ ಈಗ ನವಿಲಿನ ಬೆನ್ನ ಮೇಲೆ ಕೂತಿದೆ, ಕಾಲಿಲ್ಲದೆ. ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟ್ ಮಾಡಿಸಿ. ಮನೆಯ ಇಂಕ್‌ಜೆಟ್ ಪ್ರಿಂಟು ಗೋಂದಿನ ನೀರು ತಗುಲಿದರೆ ಹರಡಿಕೊಳ್ಳುತ್ತದೆ. ಟೋನರಿನ ಜೆರಾಕ್ಸ್ ಹರಡಲ್ಲ. ಒಂದೇ ಫೋಟೋವನ್ನು ಚಿಕ್ಕದು, ಮಧ್ಯಮ, ದೊಡ್ಡದು ಅಂತ ಮೂರು ಅಳತೆಯಲ್ಲಿ ಮಾಡಿಸಿಕೊಂಡರೆ ಆಮೇಲೆ ಆಟಕ್ಕೆ ಬಹಳ ಅನುಕೂಲ.

ತಳದ ರಟ್ಟು

ಡ್ರಾಯಿಂಗ್ ಶೀಟು ತಂದು ಶುರು ಮಾಡಬೇಡಿ. ದೊಡ್ಡ ಬಿಳಿ ಹಾಳೆ ಎದುರಿಗಿದ್ದರೆ ಯಾರಿಗಾದರೂ ಕೈ ಕಟ್ಟಿದ ಹಾಗಾಗುತ್ತದೆ. ಅಂಚೆ ಕಾರ್ಡಿನ ಅಳತೆ ಸಾಕು, 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ. ಹೊಸ ಶರ್ಟಿನೊಳಗೆ ಬರುವ ರಟ್ಟು, ಸಿಹಿತಿಂಡಿ ಡಬ್ಬದ ಮುಚ್ಚಳ, ಕ್ಯಾಲೆಂಡರಿನ ಹಿಂದಿನ ದಪ್ಪ ಹಾಳೆ ಯಾವುದಾದರೂ ಆಗುತ್ತದೆ.

ರಟ್ಟು ಬೋಳು ಅನ್ನಿಸಿದರೆ ಕಪ್ಪು ಬಳಿಯಿರಿ. ಕಪ್ಪಿನ ಮೇಲೆ ಯಾವ ಚೂರೂ ಎದ್ದು ಕಾಣುತ್ತದೆ. ಇಂಗ್ಲೆಂಡಿನ ಮೇರಿ ಡಿಲೇನಿ ಹೀಗೆಯೇ ಮಾಡುತ್ತಿದ್ದಳು. ಹುಟ್ಟಿದ್ದು 1700ರಲ್ಲಿ. ಗಂಡ ತೀರಿಕೊಂಡ ಮೇಲೆ, 72ನೇ ವಯಸ್ಸಿನಲ್ಲಿ, ಬಣ್ಣದ ಕಾಗದವನ್ನು ಚೂರುಚೂರು ಕತ್ತರಿಸಿ ಕಪ್ಪು ಹಾಳೆ ಮೇಲೆ ಹೂವು ಅಂಟಿಸಲು ಶುರು ಮಾಡಿದಳು. ಹತ್ತು ವರ್ಷದಲ್ಲಿ ಹತ್ತಿರಹತ್ತಿರ ಸಾವಿರ ಹೂವು. ಬ್ರಿಟಿಷ್ ಮ್ಯೂಸಿಯಂನಲ್ಲಿ ಈಗಲೂ ಇವೆ. ಅತ್ತೆ 'ಈ ವಯಸ್ಸಲ್ಲಿ ಇದೆಲ್ಲ ಯಾಕೆ' ಅಂತ ಗೊಣಗಿದಾಗ ನಾನು ಈ ಅಜ್ಜಿಯ ಕಥೆ ಹೇಳಿದೆ. 'ಹಾಗಾದ್ರೆ ನಾನು ಒಂದ್ ವರ್ಷ ಮುಂಚೆನೇ ಶುರು ಮಾಡಿದ್ನಲ್ಲ' ಅಂದರು.

ಕತ್ತರಿಸೋದು, ಹರಿಯೋದು

ಎರಡು ಕತ್ತರಿ ಬೇಕು. ಒಂದು ದೊಡ್ಡದು, ಒಂದು ಚಿಕ್ಕ ಚೂಪಿನದು. ಮೊದಲು ದೊಡ್ಡ ಕತ್ತರಿಯಿಂದ ಚಿತ್ರದ ಸುತ್ತ ಒರಟಾಗಿ ಬಿಡಿಸಿಕೊಳ್ಳಿ. ಆಮೇಲೆ ಚಿಕ್ಕದು. ಗುಟ್ಟು ಒಂದೇ: ಕತ್ತರಿ ಹಿಡಿದ ಕೈ ಅಲ್ಲಾಡಬಾರದು, ಕಾಗದ ಹಿಡಿದ ಕೈ ತಿರುಗಬೇಕು. ಕಡಲೆಕಾಯಿ ಬಿಡಿಸುವಷ್ಟು ನಿಧಾನ ಇರಲಿ. ಕೈಗೂ ಸೊಂಟಕ್ಕೂ ನಡುವಿನ ಸಂದಿಯಂಥ ಒಳಗಿನ ತೂತುಗಳನ್ನು ಹೊರಗಿನ ಅಂಚಿಗೆ ಮುಂಚೆಯೇ ಕಟರ್‌ನಿಂದ ತೆಗೆಯಿರಿ. ಹೊರಗಿನದು ಮೊದಲು ತೆಗೆದರೆ ಹಿಡಿದುಕೊಳ್ಳೋಕೆ ಏನೂ ಉಳಿಯಲ್ಲ, ಕಾಗದ ಹರಿಯುತ್ತದೆ.

ಕತ್ತರಿಸಿದ ಅಂಚಿನಲ್ಲಿ ಒಂದು ತೆಳು ಬಿಳಿ ಗೆರೆ ಉಳಿಯುತ್ತದೆ. ಅದಕ್ಕೆ ಅದೇ ಬಣ್ಣದ ಪೆನ್ಸಿಲ್ ಸವರಿ. ಎರಡು ನಿಮಿಷದ ಕೆಲಸ. ಆದರೆ ಅಂಟಿಸಿದ್ದು ಅಂತ ಗೊತ್ತೇ ಆಗಲ್ಲ.

ಬೆರಳು ನೋವಿರುವವರಿಗೆ, ಪುಟ್ಟ ಮಕ್ಕಳಿಗೆ ಕತ್ತರಿ ಬೇಡ. ಹರಿಯಲಿ. ದಿನಪತ್ರಿಕೆಯನ್ನು ಮೇಲಿಂದ ಕೆಳಗೆ ಹರಿದರೆ ನೇರ ಹರಿಯುತ್ತದೆ, ಅಡ್ಡ ಹರಿದರೆ ಹೇಗೆಂದರೆ ಹಾಗೆ ಹೋಗುತ್ತದೆ. ಕಾಗದದ ನಾರು ಯಾವ ಕಡೆ ಓಡಿದೆಯೋ ಆ ಕಡೆಗೆ ಅದರ ಒಲವು. ಅಡ್ಡ ಹರಿದದ್ದನ್ನು ಬಿಸಾಡಬೇಡಿ, ಬೆಟ್ಟದ ಸಾಲಿಗೆ ಅದಕ್ಕಿಂತ ಒಳ್ಳೆಯದು ಸಿಗಲ್ಲ. ಹೊಳಪಿನ ಮ್ಯಾಗಜಿನ್ ಹಾಳೆ ಹರಿದರೆ ಒಂದು ತುಂಡಿಗೆ ಬಿಳಿ ಅಂಚು ಬರುತ್ತದೆ. ಅದು ಮಂಜು, ನೊರೆ, ಮೋಡ, ನಿಮಗೆ ಬೇಕಾದ್ದು.

ಶಾಂತಿನಿಕೇತನದ ಕಲಾವಿದ ಬಿನೋದ್ ಬಿಹಾರಿ ಮುಖರ್ಜಿಯವರಿಗೆ 1950ರ ದಶಕದಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆ ಕೈಕೊಟ್ಟು ಇದ್ದ ಸ್ವಲ್ಪ ದೃಷ್ಟಿಯೂ ಹೋಯಿತು. ಆಮೇಲೆ ಅವರು ಬಣ್ಣದ ಕಾಗದ ಕತ್ತರಿಸಿ ಚಿತ್ರ ಮಾಡಿದರು. ಬೆರಳಿನಿಂದ ಅಂಚು ಮುಟ್ಟಿ ನೋಡುತ್ತಲೇ. ಒಮ್ಮೆ ನೀವೂ ಕಣ್ಣು ಮುಚ್ಚಿಕೊಂಡು ಒಂದು ಬೆಕ್ಕು ಹರಿದು ನೋಡಿ. ನಮ್ಮ ಮನೆಯಲ್ಲಿ ಮೂರು ಜನರ ಮೂರು ಬೆಕ್ಕಿನಲ್ಲಿ ಒಂದು ಸೋರೆಕಾಯಿ ಆಗಿತ್ತು.

ಆಟ ಇಲ್ಲಿದೆ

ಇನ್ನೂ ಗೋಂದು ಮುಟ್ಟಬೇಡಿ. ಇದು ಮುಖ್ಯ. ಅಂಟಿಸುವುದಕ್ಕೆ ಮುಂಚಿನ ಅರ್ಧ ಗಂಟೆಯೇ ಕೊಲಾಜು. ತುಂಡುಗಳನ್ನು ರಟ್ಟಿನ ಮೇಲೆ ಜರುಗಿಸುತ್ತಾ, ತಿರುಗಿಸುತ್ತಾ, ಒಂದನ್ನು ತೆಗೆದು ಇನ್ನೊಂದು ಇಡುತ್ತಾ ಇರಿ. ಮೊದಲೇ 'ಪರಿಸರ ಉಳಿಸಿ' ಅಂತಲೋ 'ನನ್ನ ಕನಸಿನ ಮನೆ' ಅಂತಲೋ ವಿಷಯ ಇಟ್ಟುಕೊಂಡು ಕೂತರೆ ಅದು ಶಾಲೆಯ ಚಾರ್ಟ್ ಆಗುತ್ತದೆ. ಅರ್ಥ ಆಮೇಲೆ ಬರಲಿ.

ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ ಈ ಆಟಗಳು.

ಮೊದಲನೆಯದು ತಲೆ ಬದಲು. ಅತಿ ಸುಲಭ, ಅತಿ ಬೇಗ ನಗು ಬರುವಂಥದ್ದು. ಬರ್ಲಿನ್ನಿನ ಕಲಾವಿದೆ ಹನ್ನಾ ಹೋಖ್ 1916ರಿಂದ 1926ರವರೆಗೆ ಒಂದು ದೊಡ್ಡ ಪತ್ರಿಕಾ ಸಂಸ್ಥೆಯಲ್ಲಿ ಕಸೂತಿ, ಹೆಣಿಗೆಯ ವಿನ್ಯಾಸ ಮಾಡುವ ಕೆಲಸದಲ್ಲಿದ್ದಳು. ಕೈಗೆ ಸಿಕ್ಕ ಪತ್ರಿಕೆಗಳಿಂದ ಸೇನಾಪತಿಯ ತಲೆ ತೆಗೆದು ನರ್ತಕಿಯ ಮೈಗೆ ಜೋಡಿಸಿದಳು. ಆಗ ಅದು ಬರೀ ತಮಾಷೆಯಲ್ಲ, ಅಧಿಕಾರದಲ್ಲಿದ್ದವರಿಗೆ ಚುಚ್ಚುವ ಸೂಜಿ. ನಾವು ಅಷ್ಟೆಲ್ಲ ಹೋಗುವುದಿಲ್ಲ. ತಲೆ ಬದಲಿಸುವಾಗ ಒಂದನ್ನು ಗಮನಿಸಿ: ಕತ್ತಿನ ಅಗಲ ಹೊಂದಬೇಕು. ಬೆಳಕು ಒಂದೇ ಕಡೆಯಿಂದ ಬಿದ್ದಿರಬೇಕು. ಕುಕ್ಕರಿನ ಹೊಳಪು ಎಡಕ್ಕಿದ್ದು ಸೂಟಿನ ನೆರಳೂ ಎಡಕ್ಕಿದ್ದರೆ ಕಣ್ಣು ನಂಬಲ್ಲ. ಅತ್ತೆ ಮಾವನ ಚಿತ್ರಕ್ಕೆ ನಾಲ್ಕು ಕುಕ್ಕರ್ ಜಾಹೀರಾತು ಕತ್ತರಿಸಿದ್ದರು. ಮೂರು ಸರಿಹೋಗಲಿಲ್ಲ. ನಾಲ್ಕನೆಯದನ್ನು ಇಟ್ಟಾಗ, ಅದರ ಹಿಡಿ ಸರಿಯಾಗಿ ಕಿವಿಯ ಜಾಗಕ್ಕೆ ಬಂತು. 'ಇವ್ರೇ' ಅಂದರು.

ಎರಡನೆಯದು ಅಳತೆ ತಿರುಗಾಮುರುಗಾ. ಒಣಮೆಣಸಿನಕಾಯಿಯನ್ನು ದೋಣಿ ಮಾಡಿ, ಅದರಲ್ಲಿ ಇಡೀ ಸಂಸಾರವನ್ನು ಕೂರಿಸಿ. ವಿಧಾನಸೌಧದ ಮೇಲೆ ಒಂದು ಕೋಳಿ ನಿಲ್ಲಿಸಿ. ಚಿಕ್ಕದು ದೊಡ್ಡದಾಗಬೇಕು, ದೊಡ್ಡದು ಚಿಕ್ಕದಾಗಬೇಕು. ನಡುವಿನದು ಇಲ್ಲಿ ಕೆಲಸಕ್ಕೆ ಬರಲ್ಲ.

ಮೂರನೆಯದು ನನಗೆ ಬಹಳ ಇಷ್ಟ, ಸ್ವಲ್ಪ ಕಷ್ಟ. ವಿಜಯನಗರ ಕಾಲದ ದೇವಸ್ಥಾನಗಳಲ್ಲಿ ವೃಷಭಕುಂಜರ ಅನ್ನುವ ಕೆತ್ತನೆ ನೋಡಿರಬಹುದು. ಒಂದು ಆನೆ, ಒಂದು ಎತ್ತು ಎದುರುಬದುರು ನಿಂತಿವೆ. ಇಬ್ಬರಿಗೂ ಸೇರಿ ಒಂದೇ ತಲೆ. ಎಡದ ಮೈಯನ್ನು ಅಂಗೈಯಿಂದ ಮುಚ್ಚಿದರೆ ಆನೆ ಕಾಣುತ್ತದೆ, ಬಲದ್ದನ್ನು ಮುಚ್ಚಿದರೆ ಎತ್ತು. ಅಥವಾ ಅದರ ಉಲ್ಟಾ. ಆನೆಯ ದಂತ ಆಗಿದ್ದದ್ದೇ ಎತ್ತಿನ ಕಡೆಯಿಂದ ನೋಡಿದರೆ ಇನ್ನೇನೋ. ಇದನ್ನು ಕಾಗದದಲ್ಲಿ ಹುಡುಕಿ. ಎರಡು ಚಿತ್ರ ತೆಗೆದುಕೊಂಡು, ಒಂದರ ಅಂಚು ಇನ್ನೊಂದಕ್ಕೂ ಕೆಲಸಕ್ಕೆ ಬರುತ್ತದಾ ಅಂತ ಜರುಗಿಸಿ ನೋಡಿ. ಸೀರೆಯ ಸೆರಗಿನ ಅಂಚು ಜಲಪಾತದ ಅಂಚೂ ಆಗಬಹುದು. ಬಾಗಿದ ಅಜ್ಜನ ಬೆನ್ನು ಬೆಟ್ಟದ ಬೆನ್ನೂ ಆಗಬಹುದು. ನಮ್ಮ ಮಗ ಬಸ್ಸಿನ ಎರಡು ಚಕ್ರ ತೆಗೆದು ಅಜ್ಜಿಯ ಕನ್ನಡಕ ಮಾಡಿದ. ಬಸ್ಸು ಅಲ್ಲೇ ಇದೆ, ಅಜ್ಜಿಯೂ ಇದ್ದಾರೆ. ಒಂದು ಸಲ ಇಂಥದ್ದು ಸಿಕ್ಕಿತು ಅಂದರೆ ಅವತ್ತಿನ ಭಾನುವಾರ ಸಾರ್ಥಕ.

ರಟ್ಟು ಪೂರ್ತಿ ತುಂಬಿಸುವ ಆಸೆ ಇದ್ದರೆ ಕೌದಿ ನೆನಪಿಸಿಕೊಳ್ಳಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೇ ಸೀರೆ, ಲಂಗ, ಅಂಗಿಯ ತುಂಡು ಸೇರಿಸಿ ಕೌದಿ ಹೊಲಿಯುತ್ತಾರೆ. ಶುರು ಮಾಡುವುದು ಮೂಲೆಯಿಂದ. ಅಂಚಿನ ಸುತ್ತಲೂ ಹೋಗುತ್ತಾ ನಡುವಿಗೆ ಬರುತ್ತಾರೆ. ಮೂಲೆಗಳಲ್ಲಿ ಮಡಚಿದ ತ್ರಿಕೋನದ ಚೂರು, ಅದಕ್ಕೆ ಫೂಲ ಅನ್ನುತ್ತಾರೆ. ಕಾಗದದಲ್ಲೂ ಅಂಚಿನಿಂದ ಒಳಗೆ ಬಂದರೆ ನಡುವಿಗೆ ಏನು ಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ನಡುವಿನಿಂದ ಹೊರಗೆ ಹೋದರೆ ಮೂಲೆಗಳಿಗೆ ಏನು ಹಾಕುವುದು ತಿಳಿಯದೆ ಒದ್ದಾಡುತ್ತೀರಿ. ಇದು ನನ್ನ ಅನುಭವ.

ಮೊದಲ ಸಲ ಮಾತ್ರ ಐದೇ ತುಂಡು. ಆರನೆಯದು ಬೇಕು ಅನ್ನಿಸಿದರೆ ಒಂದನ್ನು ತೆಗೆದೇ ಇಡಬೇಕು.

ಮೇಜಿನ ಸುತ್ತ ಏನು ಮಾತಾಡಬೇಕು

ಒಬ್ಬರೇ ಕೂತೂ ಮಾಡಬಹುದು. ನಾನೂ ಮಾಡಿದ್ದೇನೆ. ಆದರೆ ಇಬ್ಬರೋ ಮೂವರೋ ಇದ್ದರೆ ಬೇರೆಯದೇ ಮಜಾ. ಮೂರು ಸಣ್ಣ ನಿಯಮ ಇಟ್ಟುಕೊಂಡಿದ್ದೇವೆ.

'ಚೆನ್ನಾಗಿದೆ' ಅನ್ನಬಾರದು. ಅಂದ ಕೂಡಲೇ ಮಾತು ನಿಂತುಹೋಗುತ್ತದೆ. 'ಇದೇನಿದು?' ಅಂತಲೂ ಕೇಳಬಾರದು, ಮಕ್ಕಳಿಗೆ ಅದು ಪರೀಕ್ಷೆ ಥರ ಕೇಳಿಸುತ್ತದೆ. ಬದಲಿಗೆ ಚಿತ್ರದಲ್ಲಿ ಇರುವವರ ಬಗ್ಗೆ ಕೇಳಿ. ಇವರು ಎಲ್ಲಿಗೆ ಹೊರಟಿದ್ದಾರೆ? ಚೀಲದಲ್ಲಿ ಏನಿದೆ? ಈ ಕೋಳಿಗೆ ಯಾರ ಮೇಲೆ ಸಿಟ್ಟು?

ಅತ್ತೆಯ ಕುಕ್ಕರ್ ಚಿತ್ರಕ್ಕೆ ಮಗ ಕೇಳಿದ್ದು ಇಷ್ಟೇ. 'ಅಜ್ಜಿ, ತಾತಂಗೆ ಎಷ್ಟು ಸೀಟಿ ಆದ್ಮೇಲೆ ಸಿಟ್ಟು ಇಳೀತಿತ್ತು?'

ನಾನು ನಾಲಿಗೆ ಕಚ್ಚಿಕೊಂಡೆ. ಎರಡು ವರ್ಷದಿಂದ ಈ ಮನೆಯಲ್ಲಿ ಮಾವನ ಹೆಸರು ಎತ್ತಿದರೆ ಎಲ್ಲರೂ ಸುಮ್ಮನಾಗುತ್ತಿದ್ದೆವು. ಅತ್ತೆ ಕತ್ತರಿ ಕೆಳಗಿಟ್ಟು ಯೋಚನೆ ಮಾಡಿದರು. 'ಮೂರು. ಮೂರಾದ್ಮೇಲೆ ಹಿತ್ತಲಿಗೆ ಹೋಗಿ ಕರಿಬೇವಿನ ಗಿಡಕ್ಕೆ ನೀರು ಹಾಕೋರು. ಆ ಗಿಡ ಹಂಗೆ ಬೆಳೀತು ನೋಡು, ನಿಮ್ಮ ತಾತನ ಸಿಟ್ಟಿಂದ.' ಅಲ್ಲಿಂದ ಸಂಜೆ ಆರರವರೆಗೆ ಮಾತು. ಗೋಂದು ಬಟ್ಟಲಲ್ಲೇ ಒಣಗಿತು.

ಮೂರನೇ ನಿಯಮ ಫೋನಿನದು. ಮೇಜಿನ ಮೇಲೆ ಇರಬಾರದು. ಒಂದು ವಿನಾಯಿತಿ ಇದೆ, ಅಂಟಿಸುವ ಮುಂಚೆ ಒಂದು ಫೋಟೋ ತೆಗೆದುಕೊಳ್ಳಬಹುದು. ಯಾಕೆ ಅಂತ ಈಗ ಹೇಳುತ್ತೇನೆ.

ಈಗ ಗೋಂದು

ತುಂಡುಗಳನ್ನು ಅಂಟಿಸಲು ಎತ್ತಿದ ಕೂಡಲೇ ಯಾವುದು ಎಲ್ಲಿತ್ತು ಮರೆತುಹೋಗುತ್ತದೆ. ಅದಕ್ಕೇ ಆ ಫೋಟೋ. ಕೆಳಗಿನ ಪದರ ಮೊದಲು, ಮೇಲಿನದು ಆಮೇಲೆ.

ಫೆವಿಕಾಲ್ ಹಾಗೇ ಬಳಿದರೆ ಜಾಸ್ತಿ ಆಗುತ್ತದೆ. ಎರಡು ಪಾಲು ಫೆವಿಕಾಲಿಗೆ ಒಂದು ಪಾಲು ನೀರು ಬೆರೆಸಿ, ಅಗಲವಾದ ಬ್ರಷ್ಷಿನಿಂದ ತೆಳ್ಳಗೆ ಬಳಿಯಿರಿ. ತುಂಡಿನ ನಡುವಿನಿಂದ ಅಂಚಿನ ಕಡೆಗೆ, ಅಂಚು ದಾಟುವ ಹಾಗೆ. ಕೆಳಗೆ ತೊಳೆದು ಒಣಗಿಸಿದ ಹಾಲಿನ ಕವರ್ ಬಿಡಿಸಿ ಹಾಕಿಕೊಳ್ಳಿ. ಅದಕ್ಕೆ ಗೋಂದು ಹಿಡಿಯಲ್ಲ. ತೀರಾ ತೆಳು ಕಾಗದಕ್ಕೆ ಗೋಂದನ್ನು ಕಾಗದಕ್ಕೆ ಹಚ್ಚಬೇಡಿ, ರಟ್ಟಿಗೆ ಹಚ್ಚಿ ಕಾಗದವನ್ನು ಅದರ ಮೇಲೆ ಮೆತ್ತಗೆ ಇಳಿಸಿ.

ಗೋಡೆಗೆ ಪೋಸ್ಟರ್ ಅಂಟಿಸುವವರ ಮೈದಾ ಅಂಟು ಇನ್ನೂ ಅಗ್ಗ. ಎರಡು ಚಮಚ ಮೈದಾ, ಅರ್ಧ ಲೋಟ ತಣ್ಣೀರು. ಗಂಟಿಲ್ಲದ ಹಾಗೆ ಕಲೆಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸಿ. ಬೆಳ್ಳಗಿದ್ದದ್ದು ಗಂಜಿಯ ಹಾಗೆ ಮಂಕಾಗಿ ಹೊಳೆಯಲು ಶುರುವಾದಾಗ ಇಳಿಸಿ, ಆರಿಸಿ. ಫ್ರಿಜ್ಜಿನಲ್ಲಿ ಎರಡು ಮೂರು ದಿನ ಇರುತ್ತದೆ. ಹುಳ ಬಾರದಿರಲಿ ಅಂತ ಪೋಸ್ಟರಿನವರು ಮೈಲುತುತ್ತ ಹಾಕುತ್ತಾರೆ. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಮೈದಾದಲ್ಲಿ ಅಂಟಿಸಿದ್ದು ಜಿರಳೆಗೆ ಹಬ್ಬದೂಟ. ಹಾಗಾಗಿ ಬಹಳ ದಿನ ಇರಬೇಕಾದದ್ದಕ್ಕೆ ಫೆವಿಕಾಲ್, ಮಕ್ಕಳ ಆಟಕ್ಕೆ ಮೈದಾ.

ಅಂಟಿಸಿದ ಮೇಲೆ ಸುಕ್ಕು ಕಂಡರೆ ಗಾಬರಿ ಬೇಡ. ಕಾಗದ ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಅರ್ಧ ಸುಕ್ಕು ತಾನೇ ಹೋಗುತ್ತದೆ. ಉಳಿದದ್ದಕ್ಕೆ ಮೇಲೆ ಹಾಲಿನ ಕವರ್ ಹಾಕಿ, ನಡುವಿನಿಂದ ಹೊರಗೆ ಚಮಚದ ಬೆನ್ನಿನಿಂದ ಉಜ್ಜಿ. ರಟ್ಟು ಬಿಲ್ಲಿನ ಹಾಗೆ ಬಾಗಿದರೆ ಹಿಂಬದಿಗೂ ಒಂದು ಹಾಳೆ ಅಂಟಿಸಿ. ಎರಡು ಕಡೆಯ ಎಳೆತ ಸಮ ಆಗಿ ನೆಟ್ಟಗಾಗುತ್ತದೆ. ಆಮೇಲೆ ರಾತ್ರಿಯಿಡೀ ಭಾರ. ನಮ್ಮಲ್ಲಿ ಕೆಳಗೆ ನಿಘಂಟು, ಮೇಲೆ ಒರಳುಕಲ್ಲಿನ ಗುಂಡು.

ಅಡಿಬರಹ ಪೇಪರಿನಿಂದಲೇ

ಕೈಯಲ್ಲಿ ಬರೆಯಬೇಡಿ. ಪೇಪರಿನಿಂದ ಕತ್ತರಿಸಿ. ಪೇಪರಿನ ಭಾಷೆಗೆ ತನ್ನದೇ ಒಂದು ಗಂಭೀರ ಮುಖ ಇದೆ. ಆ ಗಂಭೀರ ಮುಖವನ್ನು ತಪ್ಪು ಜಾಗದಲ್ಲಿ ಇಟ್ಟರೆ ಸಾಕು. 'ಸಂಚಾರ ಮಾರ್ಗ ಬದಲಾವಣೆ' ಅನ್ನುವುದನ್ನು ಅಡುಗೆಮನೆಗೆ ನುಗ್ಗುವ ಬೆಕ್ಕಿನ ಕೆಳಗೆ ಅಂಟಿಸಿ. 'ಇಂದು ವಿದ್ಯುತ್ ವ್ಯತ್ಯಯ' ಅನ್ನುವುದು ಮಧ್ಯಾಹ್ನ ಬಾಯಿ ತೆರೆದು ಮಲಗಿದ ಗಂಡನಿಗೆ. ಚಿತ್ರ ನೋಡಿ ಸಾಲು ಹುಡುಕಬೇಡಿ. ಹತ್ತು ಸಾಲು ಕತ್ತರಿಸಿ ಇಟ್ಟುಕೊಂಡು, ಕಣ್ಣು ಮುಚ್ಚಿ ಒಂದನ್ನು ಎತ್ತಿ, ಚಿತ್ರದ ಕೆಳಗೆ ಇಟ್ಟು ನೋಡಿ. ಹತ್ತರಲ್ಲಿ ಒಂದೆರಡು ಹೊಂದಿಕೊಳ್ಳುತ್ತವೆ. ಮಾವನ ಮಳೆ ಹಾಗೇ ಬಂದದ್ದು.

ಅರ್ಧ ಮಾಡಿ ಅಂಚೆಗೆ ಹಾಕಿ

ದೂರದಲ್ಲಿರುವವರ ಜೊತೆಗೂ ಆಡಬಹುದು. ನ್ಯೂಯಾರ್ಕಿನ ರೇ ಜಾನ್ಸನ್ ಅನ್ನುವ ಕಲಾವಿದ 1950ರ ದಶಕದಿಂದಲೇ ಕೊಲಾಜುಗಳನ್ನು ಅಂಚೆಯಲ್ಲಿ ಗೆಳೆಯರಿಗೆ ಕಳಿಸುತ್ತಿದ್ದ. ಇದಕ್ಕೆ ಏನಾದರೂ ಸೇರಿಸಿ ವಾಪಸ್ ಕಳಿಸಿ ಅಂತ ಸೂಚನೆ ಇರುತ್ತಿತ್ತು. ಕ್ರಮ ಸರಳ. ಅರ್ಧ ರಟ್ಟು ತುಂಬಿಸಿ, ಉಳಿದ ಅರ್ಧ ಖಾಲಿ ಬಿಡಿ. ಒಂದು ಅಂಚು ಮಾತ್ರ ಖಾಲಿ ಕಡೆಗೆ ಚಾಚಿರಲಿ, ಒಂದು ಕೈಯೋ, ರಸ್ತೆಯೋ, ಬಾಲವೋ. ಎದುರಿನವರಿಗೆ ಹಿಡಿದುಕೊಳ್ಳಲು ಏನಾದರೂ ಬೇಕಲ್ಲ. ಪೂರ್ತಿ ಒಣಗಿದ ಮೇಲೆ ರಟ್ಟಿನ ಜೊತೆ ಗಟ್ಟಿ ಲಕೋಟೆಯಲ್ಲಿ ಹಾಕಿ. ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಬೇಡಿ, ಅದರ ಮೇಲೆ ಅಂಟಿಸೋಕೆ ಆಗಲ್ಲ.

ಹೋದ ಯುಗಾದಿಗೆ ಅತ್ತೆ ಪುಣೆಯಲ್ಲಿರುವ ನನ್ನ ನಾದಿನಿಗೆ ಒಂದು ಕಳಿಸಿದರು. ಅದೇ ಸೂಟು, ಅದೇ ಕುಕ್ಕರ್ ತಲೆ, ಜೆರಾಕ್ಸಿನ ಇನ್ನೊಂದು ಪ್ರತಿ. ಈ ಸಲ ರೈಲ್ವೆ ಪ್ಲಾಟ್‌ಫಾರ್ಮಿನ ಬೆಂಚಿನ ತುದಿಯಲ್ಲಿ ಕೂರಿಸಿದ್ದರು. ಬೆಂಚಿನ ಉಳಿದ ಭಾಗ ಖಾಲಿ. ಮೂರು ವಾರ ಉತ್ತರ ಬರಲಿಲ್ಲ. ಅಪ್ಪನ ತಲೆಗೆ ಕುಕ್ಕರ್ ಇಟ್ಟದ್ದು ಮಗಳಿಗೆ ಬೇಜಾರಾಯಿತೇನೋ ಅಂತ ನಾನು ಒಳಗೊಳಗೇ ಹೆದರಿದ್ದೆ.

ಲಕೋಟೆ ಬಂತು. ಬೆಂಚಿನ ಇನ್ನೊಂದು ತುದಿಯಲ್ಲಿ ಹಸಿರು ಸೀರೆ ಉಟ್ಟ ಹೆಂಗಸು ಕೂತಿದ್ದಾಳೆ. ಮುಖಕ್ಕೆ ಅತ್ತೆಯ ಹಳೇ ಫೋಟೋದ ಜೆರಾಕ್ಸ್. ಮಡಿಲಲ್ಲಿ ಕೈ. ಕೈಯಲ್ಲಿ, ಹತ್ತಿರ ಹಿಡಿದು ನೋಡಿದರೆ ಮಾತ್ರ ಕಾಣುವ ಹಾಗೆ, ಹುಣಸೆಬೀಜದಷ್ಟು ಚಿಕ್ಕದಾಗಿ ಕತ್ತರಿಸಿದ ಕುಕ್ಕರಿನ ವೆಯ್ಟು.

ಅತ್ತೆ ಕನ್ನಡಕ ಹಾಕಿಕೊಂಡು ಕಿಟಕಿ ಹತ್ತಿರ ಹೋದರು. ಬಹಳ ಹೊತ್ತು ನೋಡಿದರು.

'ಅಲ್ಲ, ಇವ್ಳಿಗೆ ಹೆಂಗೆ ಗೊತ್ತಾಯ್ತು?' ಅಂದರು. ಆಮೇಲೆ, 'ಈ ಹಸಿರು ನಂಗೆ ಒಪ್ಪಲ್ಲ ಕಣಮ್ಮ. ಆ ಊದಿನಕಡ್ಡಿ ಪ್ಯಾಕೆಟ್ಟಿನ ಕೆಂಪು ಎಲ್ಲಿಟ್ಟೆ?' ಅಂತ ಡಬ್ಬ ಎಳೆದುಕೊಂಡು ಕೂತರು.